ಮುಂಗೋಡೆಯ ಮೇಲೆ ಸೂರಕ್ಕಿ-ಕೋತಿ ಮಹಾಸಮರ

ಎಲೈ ಕಾಲಪುರುಷನೇ, ಕಿವಿಗೊಡು! ಕುಕ್ಕರುಗಳ ಶಂಖನಾದದಿಂದ ದಶದಿಕ್ಕುಗಳೂ ಮೊಳಗುತ್ತಿದ್ದ ಕಲಿಯುಗದ ಒಂದು ಶನಿವಾರ, ಅರಸೀಕೆರೆಯ ರೈಲ್ವೆ ವಸತಿಯಲ್ಲಿ, ಆರ್ದ್ರವಸ್ತ್ರಭಾರಧಾರಿಣಿಯೂ ಬಕೆಟ್‌ಹಸ್ತೆಯೂ ಆದ ದಾಕ್ಷಾಯಿಣಿಯು, ತನ್ನ ಬಟ್ಟೆತಂತಿಗೆ ಜೋತುಬಿದ್ದಿದ್ದ, ಹೂವಿನ ಮಕರಂದ ಹೀರುವ ಸೂರಕ್ಕಿಯ ಗೂಡಿಗೆ ಅಭಯವಿತ್ತು ನಿಂತಳು. ತಂತಿಯ ಕೆಳಗಿನ ಮುಂಗೋಡೆಯ ಮೇಲೆ ವಾರವಾರವೂ ಹನುಮಂತನ ಹೆಸರಿನಲ್ಲಿ ಕೋತಿಗೆ ಬಾಳೆಹಣ್ಣಿಡುವ ವ್ರತಪರಾಯಣೆ, ಪಕ್ಕದ ಮನೆಯ ಚೂಡಾಮಣಿ, ತಟ್ಟೆ ಹಿಡಿದು ಬಂದೇಬಿಟ್ಟಳು. ಹಣ್ಣಿಗೆ ಬಂದ ಕೋತಿ ಗೂಡಿಗೂ ಕೈಹಾಕಿದರೆ ಮರಿಗಳ ಗತಿಯೇನು?

“ತಟ್ಟೆ ಹಿತ್ತಲಿಗೆ ತಗೊಂಡು ಹೋಗ್ರೀ! ಹೆಬ್ಬೆರಳಷ್ಟು ಜೀವ, ಭೂಮಿ ಮೇಲೆ ಇನ್ನೆಷ್ಟು ಉಳ್ಕೊಂಡಿದಾವೋ ಏನೋ. ಕೋತಿಗೇನ್ ಕಮ್ಮಿ, ಬೀದಿ ತುಂಬ ಇದಾವೆ. ಹದಿನೈದು ದಿನದಿಂದ ಕಿಟಕಿ ಸರಳಿಗೆ ಬಟ್ಟೆ ಒಣಗಿಸ್ತಾ ಇದೀನಿ, ಗೊತ್ತಾ?”

“ದೇವರ ಹಣ್ಣು ಹಿತ್ತಲಲ್ಲಿ ಇಡೋದಾ? ನಮ್ಮತ್ತೆ ಕಾಲದಿಂದ ಮುಂಗೋಡೆನೇ!”

ಆಗ ರೋಷಾರುಣನೇತ್ರೆಯಾದ ದಾಕ್ಷಾಯಿಣಿಯು ಘೋರಪ್ರತಿಜ್ಞೆ ಗೈದಳು: “ಮೇಷ್ಟ್ರನ್ನೇ ಕೇಳೋಣ. ಯಾವುದು ಹೆಚ್ಚು ಅಳಿವಿನ ಅಪಾಯದಲ್ಲಿದೆಯೋ ಅದರದ್ದೇ ಗೋಡೆ. ಸೋತ್ರೆ ಗೂಡನ್ನ ನಾನೇ ಬಿಚ್ತೀನಿ!”

ಸಕಲಪ್ರಾಣಿಕುಲಗೋತ್ರಕೋವಿದರೂ ನಿವೃತ್ತ ಜೀವಶಾಸ್ತ್ರದ ಮೇಷ್ಟರೂ ಆದ ಎದುರು ಮನೆಯ ಬೋರಲಿಂಗಯ್ಯನವರು ಕನ್ನಡಕ ಒರೆಸಿ, ಗ್ರಂಥ ಬಿಡಿಸಿದರು.

“ಎರಡಕ್ಕೂ ಬೆನ್ನೆಲುಬಿದೆ, ಅಲ್ಲೀತಂಕ ಒಂದೇ ವಂಶ. ಆಮೇಲೆ ದಾರಿ ಬೇರೆ. ಇದು ಪಕ್ಷಿ ವರ್ಗ, ಗುಬ್ಬಿ-ಕಾಗೆಗಳ ಗಣ. ಅದು ಸಸ್ತನಿ ವರ್ಗ, ವಾನರ ಗಣ. ನಾವೂ ನೀವೂ ಅದೇ ಗಣ.”

“ನೋಡಿದ್ರಾ, ನೆಂಟ್ರು!” ಎಂದು ಚೂಡಾಮಣಿ ಸಿಂಹನಾದಗೈದಳು.

“ಇನ್ನು ಸ್ಥಿತಿ. ಸೂರಕ್ಕಿ ಬೇಕಾದಷ್ಟಿದೆಯಮ್ಮ, ಚಿಂತೆಯಿಲ್ಲದ ಪಟ್ಟಿ. ಕಮ್ಮಿಯಾಗ್ತಾ ಇರೋದು ನಮ್ಮ ಬೀದಿ ಕೋತೀನೇ. ಅದು ಅಪಾಯದ ಪಟ್ಟಿ.”

ದಾಕ್ಷಾಯಿಣಿಯ ಮುಖ ಸಪ್ಪಗಾಯಿತು. ಆದರೂ ಆಡಿದ ಮಾತಿಗೆ ತಪ್ಪದೆ, ಕಣ್ಣೊರೆಸಿಕೊಂಡು ಸ್ಟೂಲು ಹತ್ತಿದಳು. ವಿಜಯಲಕ್ಷ್ಮೀಸಮಾಲಿಂಗಿತೆಯಾದ ಚೂಡಾಮಣಿ ಹಿಮ್ಮಡಿ ಎತ್ತಿ ತಾನೂ ಗೂಡಿನೊಳಗೆ ಇಣುಕಿದಳು. ಅವಳನ್ನೇ ತಾಯಿಯೆಂದು ತಿಳಿದ ಎರಡು ಪುಟ್ಟ ಕೊಕ್ಕುಗಳು ಅವಳತ್ತ ತಿರುಗಿ ಅಗಲವಾಗಿ ತೆರೆದವು.

“ಇಳೀರಿ ಕೆಳಗೆ,” ಎಂದಳು ಚೂಡಾಮಣಿ, ಬೇರೆಲ್ಲೋ ನೋಡುತ್ತ. “ಗೆದ್ದೋಳು ನಾನು, ನೆನಪಿರ್ಲಿ. ಗೆದ್ದೋಳು ಹಣ್ಣು ಎಲ್ಲಿ ಬೇಕಾದ್ರೂ ಇಡ್ತಾಳೆ.”

ಹೀಗೆ ತ್ರಿಲೋಕಭೀಕರವಾದ ಆ ಮಹಾಸಮರವು ಸಮಾಪ್ತಿಗೊಂಡಿತು. ಅದರಿಂದ ಆದದ್ದಿಷ್ಟೇ: ಆರು ಬಾಳೆಹಣ್ಣು, ಮುಂಗೋಡೆಯಿಂದ ಹಿತ್ತಲ ಗೋಡೆಗೆ.