ಚುಕ್ಕೆ ಗುರುತಿನ ನಲ್ಲಿ

ಸರ್ಕಾರಕ್ಕೆ ಪ್ರಶ್ನೆ ಕೇಳುವ ಕಡೆ ಕೆಲಸಕ್ಕಿದ್ದವರು ನಗುವುದಕ್ಕೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ, ಬಂದ ಉತ್ತರ ಓದಿದರೆ ಸಾಕು.

ನಾನು ಚಾಮರಾಜಪೇಟೆಯ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ತೊಂಬತ್ತರ ದಶಕದಲ್ಲಿ ನಮ್ಮ ಶಾಸಕರು ನನ್ನನ್ನು ನಿಯೋಜನೆಯ ಮೇಲೆ ತಮ್ಮ ಆಪ್ತ ಸಹಾಯಕನನ್ನಾಗಿ ಕರೆಸಿಕೊಂಡರು. ಅವರ ಊರು ಮಾಗಡಿ ಕಡೆ, ವ್ಯಾಪಾರ ಕಾಟನ್‌ಪೇಟೆಯಲ್ಲಿ ಊದುಬತ್ತಿ ಸಗಟು, ಪಕ್ಷ ಆಗ ವಿರೋಧ ಪಕ್ಷ. "ಬೈಯೋದು ನಾನು ನೋಡ್ಕೋತೀನಿ, ಬರೆಯೋದು ನೀವು ನೋಡ್ಕೊಳ್ಳಿ ಮೇಷ್ಟ್ರೇ" ಎಂದು ಮೊದಲ ದಿನವೇ ಕೆಲಸ ಹಂಚಿದರು. ಹಾಗೆ ನಾನು ಪಾಠ ಬಿಟ್ಟು ಪ್ರಶ್ನೆ ಬರೆಯತೊಡಗಿದೆ. ಮೂವತ್ತು ಮಕ್ಕಳ ಉತ್ತರ ಪತ್ರಿಕೆ ತಿದ್ದಿದವನಿಗೆ ಸರ್ಕಾರದ ಉತ್ತರವೇನು ಮಹಾ ಅಂದುಕೊಂಡಿದ್ದೆ. ಮಕ್ಕಳೇ ವಾಸಿ.

ಗಮನಕ್ಕೆ ಬಂದಿಲ್ಲ

ನಾನು ಸೇರಿದ ಹೊಸದರಲ್ಲಿ ನಮ್ಮ ಕ್ಷೇತ್ರದ ಸರ್ಕಾರಿ ಹೆರಿಗೆ ಆಸ್ಪತ್ರೆಯ ಹಿರಿಯ ಸಿಸ್ಟರ್ ಬಂದರು. ದಪ್ಪನೆಯ ಹೆಂಗಸು, ಜೋರು ದನಿ. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ.

"ಸಾರ್, ನಮ್ಮ ಹೆರಿಗೆ ವಾರ್ಡಿನ ನಲ್ಲೀಲಿ ಬರೀ ಗಾಳಿ ಬರತ್ತೆ. ಹೆರಿಗೆಗೆ ಬಂದೋರ ಗಂಡಂದ್ರು, ಅತ್ತೇರು ಎದುರುಗಡೆ ಬೀದಿ ನಲ್ಲೀಲಿ ಕೊಡ ಹಿಡ್ಕೊಂಡು ಕ್ಯೂ ನಿಲ್ತಾರೆ. ಕೊಡ ತುಂಬೋವರೆಗೂ ಮಗು ಕಾಯತ್ತಾ? ನಾನು ರಿಟೈರ್ ಆಗೋದ್ರೊಳಗೆ ಆ ನಲ್ಲೀಲಿ ಒಂದು ಸಲ ನೀರು ನೋಡ್ಬೇಕು. ಅಷ್ಟೇ ನಂಗೆ ಆಸೆ."

ಕೇಳುತ್ತಿದ್ದ ನಮ್ಮ ಶಾಸಕ ಸಾಹೇಬರಿಗೆ ಕೋಪ ಬಂತು. "ಚುಕ್ಕೆ ಗುರುತಿನ ಪ್ರಶ್ನೆ ಹಾಕಿ ಮೇಷ್ಟ್ರೇ!" ಎಂದರು. ಪ್ರಶ್ನೆಗೆ ಚುಕ್ಕೆ ಹಾಕಿದರೆ ಮಂತ್ರಿಗಳು ಸದನದಲ್ಲೇ ಎದ್ದು ನಿಂತು ಉತ್ತರ ಹೇಳಬೇಕು. ನಾನು ಬರೆದೆ: (ಅ) ಸದರಿ ಆಸ್ಪತ್ರೆಯಲ್ಲಿ ನೀರು ಬರುತ್ತಿಲ್ಲವೆಂಬುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಯಾವಾಗ ನೀರು ಕೊಡಲಾಗುವುದು?

ಉತ್ತರ ಬಂತು. (ಅ) ಬಂದಿರುವುದಿಲ್ಲ. (ಆ) ಉದ್ಭವಿಸುವುದಿಲ್ಲ.

ಉತ್ತರ ಕೇಳಲು ಬಂದ ಸಿಸ್ಟರಿಗೆ ಓದಿ ಹೇಳಿದೆ.

"ಅಲ್ಲ ಮೇಷ್ಟ್ರೇ, ಇಷ್ಟು ದಿನ ಗಮನಕ್ಕೆ ಬಂದಿರ್ಲಿಲ್ಲ, ಸರಿ. ಈಗ ನಾವು ಕೇಳಿದ್ವಲ್ಲ, ಈಗ ಬಂತಾ?"

"ಅದನ್ನ ತಿಳ್ಕೋಬೇಕಾದ್ರೆ ಇನ್ನೊಂದು ಪ್ರಶ್ನೆ ಹಾಕ್ಬೇಕು ಸಿಸ್ಟರ್."

"ಅದಕ್ಕೂ ಬಂದಿಲ್ಲ ಅಂದ್ರೆ?"

"ಮುಂದಿನ ಅಧಿವೇಶನ."

ಆಕೆ ಗೋಡೆಗೆ ಹಾಕಿದ್ದ ಕ್ಯಾಲೆಂಡರ್ ನೋಡಿ, "ನಮ್ಮಲ್ಲಾದ್ರೆ ಒಂಬತ್ತೇ ತಿಂಗಳು ಸಾರ್" ಎಂದು ಹೊರಟುಹೋದರು.

ಪಾರ್ಕಿನ ದೀಪ

ಬಸವನಗುಡಿ ಕಡೆಯ ಒಂದು ಪಾರ್ಕಿನಲ್ಲಿ ದೀಪಗಳು ಉರಿಯುತ್ತಿರಲಿಲ್ಲ. ಸಂಜೆ ವಾಕಿಂಗ್ ಬರುವ ಹಿರಿಯರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ಆಮೇಲೆ ದನಿಯಿಂದ ಗುರುತು ಹಿಡಿದು ಕುಶಲ ವಿಚಾರಿಸುತ್ತಿದ್ದರು. ಅದಕ್ಕೂ ಒಂದು ಪ್ರಶ್ನೆ ಹಾಕಿದೆವು. ಉತ್ತರ ಹೇಳಬೇಕಾದ ದಿನದ ಹಿಂದಿನ ಸಂಜೆ ನೋಡಿದರೆ ಪಾರ್ಕಿನ ಅಷ್ಟೂ ದೀಪ ಝಗಮಗ! ಮರುದಿನ ಮಂತ್ರಿಗಳು ಎದ್ದು ನಿಂತು, "ಎಲ್ಲ ದೀಪಗಳೂ ಉರಿಯುತ್ತಿವೆ, ಮಾನ್ಯ ಸದಸ್ಯರಿಗೆ ಯಾರೋ ತಪ್ಪು ಮಾಹಿತಿ ಕೊಟ್ಟಿದ್ದಾರೆ" ಎಂದರು. ಸಾಹೇಬರ ಮುಖ ಸಪ್ಪಗಾಯಿತು. ಬಡಾವಣೆಯವರಿಗೆ ಮಾತ್ರ ಬಹಳ ಖುಷಿ.

ಸುದ್ದಿ ಹಬ್ಬಿತು. ಮಾರನೆಯ ವಾರದಿಂದ ನಮ್ಮ ಆಫೀಸಿನಲ್ಲಿ ಸಾಲು. ಒಬ್ಬ ನಿವೃತ್ತ ಹೆಡ್ಮಾಸ್ಟರು ಬಂದು, "ನಮ್ಮ ಮನೆ ಮುಂದಿನ ಮೋರಿ ಮೇಲೆ ಒಂದು ಪ್ರಶ್ನೆ ಹಾಕ್ಬಿಡಿ. ಉತ್ತರ ಏನೂ ಬೇಡ, ಪ್ರಶ್ನೆ ಸಾಕು" ಎಂದರು. ನಮ್ಮ ಇಡೀ ವ್ಯವಸ್ಥೆಯನ್ನು ಅವರಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರನ್ನು ನಾನು ಕಂಡಿಲ್ಲ.

ಅಧಿವೇಶನ ಮುಗಿಯಿತು. ಮಾರನೆಯ ಸಂಜೆಯೇ ಪಾರ್ಕು ಮತ್ತೆ ಕತ್ತಲು. ದೂರು ಹೇಳಲು ಬರುತ್ತಾರೆ ಎಂದು ಕಾದೆ, ಒಬ್ಬರೂ ಬರಲಿಲ್ಲ. ಕೊನೆಗೆ ಗಾಂಧಿಬಜಾರಿನಲ್ಲಿ ಹೂವು ಕೊಳ್ಳುತ್ತಿದ್ದ ಒಬ್ಬಾಕೆ ನನ್ನನ್ನು ನಿಲ್ಲಿಸಿದರು.

"ಸಾರ್, ಮುಂದಿನ ಅಧಿವೇಶನ ಯಾವಾಗ?"

"ಯಾಕಮ್ಮ?"

"ನಮ್ಮತ್ತೆಗೆ ಕಣ್ಣು ಮಂಜು. ದಿನಾಂಕ ಗೊತ್ತಾದ್ರೆ ಆವಾಗ್ಲೇ ವಾಕಿಂಗ್ ಕರ್ಕೊಂಡು ಹೋಗ್ತೀನಿ."

ಟ್ಯಾಂಕರ್ ಬಂತು

ಆಸ್ಪತ್ರೆಯ ನೀರಿನ ಮೇಲೆ ಎರಡನೆಯ ಪ್ರಶ್ನೆ ಹಾಕಿದೆವು. ಈ ಸಲ 'ಗಮನಕ್ಕೆ ಬಂದಿಲ್ಲ' ಎನ್ನುವ ಹಾಗಿರಲಿಲ್ಲ. ಉತ್ತರದ ಹಿಂದಿನ ದಿನ ಬೆಳಗ್ಗೆ ಒಬ್ಬ ಕಿರಿಯ ಇಂಜಿನಿಯರು ಟ್ಯಾಂಕರ್ ತಂದು ಆಸ್ಪತ್ರೆಯ ಮಾಳಿಗೆಯ ಮೇಲಿನ ತೊಟ್ಟಿ ತುಂಬಿಸಿದರು. ವಾರ್ಡಿನ ನಲ್ಲಿ ತಿರುಗಿಸಿದರೆ ನೀರು! ಅದರ ಫೋಟೋ ಒಂದನ್ನು ಉತ್ತರದ ಜೊತೆ ಇಟ್ಟರೆ ಕೆಲಸ ಮುಗಿಯಿತು. ಆದರೆ ಹೇಳಿದ್ದ ಫೋಟೋಗ್ರಾಫರ್ ಬಂದಿರಲಿಲ್ಲ. ಇಂಜಿನಿಯರೇ ಸ್ಕೂಟರ್ ಹತ್ತಿ ಅವನನ್ನು ಕರೆತರಲು ನಗರ್ತಪೇಟೆಗೆ ಹೋದರು.

ಅದೇ ಅವರು ಮಾಡಿದ ತಪ್ಪು.

ಗಾಳಿ ಬಂದಾಗ ತೂರಿಕೋ ಎನ್ನುತ್ತಾರಲ್ಲ, ಸಿಸ್ಟರಿಗೆ ಯಾರೂ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಗೇಟಿನಾಚೆ ಸ್ಕೂಟರ್ ಮರೆಯಾದದ್ದೇ ತಡ, ಆಯಾಗಳು, ಅತ್ತೆಯರು, ಗಂಡಂದಿರು ಎಲ್ಲರನ್ನೂ ಕರೆದು ಸಾಲಾಗಿ ನಿಲ್ಲಿಸಿದರು. ಡ್ರಮ್ಮು, ಬಕೆಟ್ಟು, ಕೊಡ, ಫ್ಲಾಸ್ಕು ತುಂಬಿದವು. ಬಾಣಂತಿಯರಿಗೆ ಸ್ನಾನವಾಯಿತು. ಕೂಸುಗಳಿಗೆ ಸ್ನಾನವಾಯಿತು. ಬಟ್ಟೆ ಒಗೆದರು, ನೆಲ ತೊಳೆದರು. ಯಾರೋ ಒಬ್ಬ ಗಂಡ ತಾನೂ ತಲೆಗೆ ನೀರು ಹುಯ್ದುಕೊಂಡನಂತೆ.

ಇಂಜಿನಿಯರು ಫೋಟೋಗ್ರಾಫರನ್ನು ಹಿಂದೆ ಕೂರಿಸಿಕೊಂಡು ಬಂದರು. ಕ್ಯಾಮೆರಾ ಸಿದ್ಧವಾಯಿತು. ನಲ್ಲಿ ತಿರುಗಿಸಿದರು. ಗೊರ್ ಎಂದಿತು, ಅಷ್ಟೇ. ವಾರ್ಡು ಮಾತ್ರ ಫಳಫಳ ಹೊಳೆಯುತ್ತಿತ್ತು.

"ಸಿಸ್ಟರ್, ದಮ್ಮಯ್ಯ, ನಾಲ್ಕೇ ಬಕೆಟ್ ವಾಪಸ್ ಕೊಡಿ. ಮೇಲೆ ತೊಟ್ಟಿಗೆ ಹಾಕ್ತೀನಿ. ಫೋಟೋ ಆದ್ಮೇಲೆ ನಿಮ್ಮ ನೀರು ನಿಮಗೇ."

ಸಿಸ್ಟರ್ ತುಂಬಿದ ಡ್ರಮ್ಮಿನ ಮೇಲೆ ಮುಚ್ಚಳ ಎಳೆದರು.

"ಅರ್ಜಿ ಕೊಟ್ಟು ಹೋಗಿ. ಲಭ್ಯತೆ ನೋಡ್ಕೊಂಡು ಮುಂದಿನ ದಿನಗಳಲ್ಲಿ ಕ್ರಮ ಕೈಗೊಳ್ಳಲಾಗುವುದು."

ತೃಪ್ತಿ ತಂದಿಲ್ಲ

ಫೋಟೋ ಇಲ್ಲದೆಯೇ 'ನೀರು ಸರಬರಾಜಾಗುತ್ತಿದೆ' ಎಂಬ ಉತ್ತರ ಬಂತು. ಸಾಹೇಬರು ಎದ್ದು, ಪಂಚೆಯ ತುದಿ ಎಡಗೈಯಲ್ಲಿ ಹಿಡಿದು, ಬಲಗೈ ಮೇಲೆತ್ತಿ, "ಮಾನ್ಯ ಸಭಾಧ್ಯಕ್ಷರೇ, ಈ ಉತ್ತರ ನನಗೆ ತೃಪ್ತಿ ತಂದಿಲ್ಲ!" ಎಂದು ಗುಡುಗಿದರು.

ಈ ಮಾತು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಮಂತ್ರಿ ಕೂರುವ ಶಬ್ದ ಕೇಳಿದರೆ ಸಾಕು, ಇವರು ಏಳುತ್ತಿದ್ದರು. ಒಮ್ಮೆ ಇವರು ಕೇಳಿದ್ದ ಗ್ರಂಥಾಲಯಕ್ಕೆ ಮಂತ್ರಿಗಳು ಅಲ್ಲೇ ಒಪ್ಪಿಗೆ ಕೊಟ್ಟು, ಅನುದಾನವನ್ನೂ ಘೋಷಿಸಿ ಕೂತರು. ನಮ್ಮವರು ಎದ್ದು ತೃಪ್ತಿ ತಂದಿಲ್ಲ ಎಂದರು. ಮಂತ್ರಿಗಳು ಗಾಬರಿಯಾಗಿ ಇನ್ನೊಂದು ಗ್ರಂಥಾಲಯ ಕೊಟ್ಟರು.

ಮನೆಯಲ್ಲೂ ಅದೇ. ಒಂದು ಬೆಳಗ್ಗೆ ಅವರ ಮನೆಯಾಕೆ ಉಪ್ಪಿಟ್ಟು ಕೊಟ್ಟು, "ಹೇಗಿದೆ?" ಎಂದು ಕೇಳಿದರು. ಇವರು ಪೇಪರಿನಿಂದ ತಲೆ ಎತ್ತದೆ, "ತೃಪ್ತಿ ತಂದಿಲ್ಲ" ಎಂದರು. ಆಕೆ ತಟ್ಟೆ ತೆಗೆದು ನನ್ನ ಮುಂದಿಟ್ಟು ಒಳಗೆ ಹೋದರು. ಉಪ್ಪಿಟ್ಟು ಬಹಳ ಚೆನ್ನಾಗಿತ್ತು.

ಉತ್ತರ ಕೊಟ್ಟವರು

ಚುನಾವಣೆಯಾಗಿ ಸರ್ಕಾರ ಬದಲಾಯಿತು. ನಮ್ಮ ಸಾಹೇಬರು ಮಂತ್ರಿಯಾದರು. ಅದೂ ಆ ಆಸ್ಪತ್ರೆಗೆ ನೀರು ಕೊಡಬೇಕಾದ ಇಲಾಖೆಗೇ! ಸಿಸ್ಟರ್ ಮೈಸೂರುಪಾಕಿನ ಪೊಟ್ಟಣ ಹಿಡಿದು ಬಂದರು. "ಇನ್ನು ಕೇಳೋದೇನೂ ಇಲ್ಲ ಸಾರ್, ಮಾಡೋದೊಂದೇ" ಎಂದರು. "ಆಯ್ತು ತಾಯಿ, ಮೊದಲ ಕೆಲಸ ಅದೇ" ಎಂದರು ಸಾಹೇಬರು. ಮನಸ್ಸಿನಿಂದಲೇ ಹೇಳಿದರು, ಅದು ಸುಳ್ಳಲ್ಲ. ಆದರೆ ಸನ್ಮಾನಗಳು ಶುರುವಾದವು. ಪ್ರತಿ ಸಂಜೆ ಎಲ್ಲೋ ಒಂದು ಪೇಟ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಮೊದಲ ಕೆಲಸ ಹಾಗೇ ಹಿಂದೆ ಬಿತ್ತು. ಸಿಸ್ಟರ್ ಬಂದಾಗಲೆಲ್ಲ ಸಾಹೇಬರು ಊರಲ್ಲಿಲ್ಲ ಎನ್ನುವುದು ನನ್ನ ಪಾಲಿಗೆ ಬಂತು. ನನಗೆ ನಾಚಿಕೆಯಾಗುತ್ತಿತ್ತು.

ಒಂದು ದಿನ ಆಕೆಯೇ ಹೇಳಿದರು. "ಈ ತಿಂಗಳ ಕೊನೇಗೆ ನಾನು ರಿಟೈರ್ ಮೇಷ್ಟ್ರೇ. ನಿಮ್ಮ ಸಾಹೇಬ್ರು ಈಗ ಪ್ರಶ್ನೆ ಕೇಳೋ ಹಾಗಿಲ್ವಂತಲ್ಲ. ಅದಕ್ಕೇ ಮಲ್ಲೇಶ್ವರದ ಕಡೆ ಇರೋ ವಿರೋಧ ಪಕ್ಷದೋರ ಹತ್ರ ಹೋಗಿದ್ದೆ. ನೀವು ಬರೆದಿದ್ದ ಪ್ರಶ್ನೇನೇ ಕೊಟ್ಟು ಬಂದೆ. ಚೆನ್ನಾಗಿ ಬರೆದಿದಾರೆ ಅಂದ್ರು."

ಪ್ರಶ್ನೆ ಬಂತು, ಚುಕ್ಕೆ ಸಮೇತ. ಇಲಾಖೆಯವರು ಮೊದಲ ಸಲದ ಹಳೆಯ ಉತ್ತರವನ್ನೇ ಹೊಸದಾಗಿ ಟೈಪು ಮಾಡಿ ಕಳಿಸಿದರು. ಓದಿ ನೋಡಿ ಎಂದು ನಾನು ಎರಡು ಸಲ ಕಡತ ಮುಂದಿಟ್ಟೆ. "ಓದೋಕೇನಿದೆ ಮೇಷ್ಟ್ರೇ, ಅಲ್ಲೇ ಓದ್ತೀನಲ್ಲ" ಎಂದು ಹೊಸ ಶಾಲು ಹೊದ್ದು ಹೊರಟರು.

ನಾನು ಅಧಿಕಾರಿಗಳ ಸಾಲಿನಲ್ಲಿ ಕೂತಿದ್ದೆ. ಮೇಲೆ ಗ್ಯಾಲರಿಯಲ್ಲಿ ಸಿಸ್ಟರ್ ಇದ್ದರು. ಪ್ರಶ್ನೆ ಕರೆದರು. ಸಾಹೇಬರು ಎದ್ದು ಗಂಭೀರವಾಗಿ ಓದಿದರು. "(ಅ) ಸರ್ಕಾರದ ಗಮನಕ್ಕೆ ಬಂದಿರುವುದಿಲ್ಲ. (ಆ) ಉದ್ಭವಿಸುವುದಿಲ್ಲ." ಓದಿ ಕೂತರು.

ಮಂತ್ರಿ ಕೂತ ಶಬ್ದವಾಯಿತು.

ಹುಟ್ಟುಗುಣ ಸುಟ್ಟರೂ ಹೋಗದು. ಮಲ್ಲೇಶ್ವರದ ಸದಸ್ಯರು ಕನ್ನಡಕ ಹಾಕಿಕೊಳ್ಳುವುದರೊಳಗೆ ನಮ್ಮವರು ಮತ್ತೆ ಎದ್ದಿದ್ದರು. ಎಡಗೈಯಲ್ಲಿ ಪಂಚೆ, ಬಲಗೈ ಮೇಲೆ.

"ಮಾನ್ಯ ಸಭಾಧ್ಯಕ್ಷರೇ, ಈ ಉತ್ತರ ನನಗೆ ತೃಪ್ತಿ ತಂದಿಲ್ಲ! ಎಷ್ಟು ವರ್ಷದಿಂದ ಕೇಳ್ತಾ ಇದೀನಿ! ಹೆರಿಗೆ ಆಸ್ಪತ್ರೆಗೆ ನೀರು ಕೊಡಕ್ಕಾಗದ ಇದೂ ಒಂದು ಸರ್ಕಾರವಾ?"

ಸದನದ ಎರಡೂ ಕಡೆ ಮೇಜು ಕುಟ್ಟಿದ ಸದ್ದಿಗೆ ನನ್ನ ಕಿವಿ ಕಿವುಡಾಯಿತು. ಸಭಾಧ್ಯಕ್ಷರು ನಗು ತಡೆದುಕೊಂಡು, "ಮಾನ್ಯ ಸಚಿವರೇ, ಉತ್ತರ ಕೊಟ್ಟವರು ತಾವೇ" ಎಂದರು.

ಸಾಹೇಬರು ಮೇಜಿನ ಮೇಲಿದ್ದ ಹಾಳೆ ನೋಡಿದರು. ಆಗ ಮೊದಲ ಸಲ ಅದನ್ನು ನಿಜವಾಗಿ ಓದಿದರು. ಮುಖ ಕೆಂಪಾಯಿತು. ತಲೆ ಎತ್ತಿ, "ಅದಕ್ಕೇ ಸ್ವಾಮಿ ಜಾಸ್ತಿ ಬೇಜಾರಾಗಿರೋದು" ಎಂದರು.

ಮಲ್ಲೇಶ್ವರದವರು ಎದ್ದು, "ಸಚಿವರ ಹೋರಾಟಕ್ಕೆ ನನ್ನ ಸಂಪೂರ್ಣ ಬೆಂಬಲವಿದೆ" ಎಂದು ಕೂತರು.

ಅವತ್ತೇ ಆದೇಶವಾಯಿತು. ಹಗಲೂ ರಾತ್ರಿ ರಸ್ತೆ ಅಗೆದು ಪೈಪು ಎಳೆದರು. ಸಿಸ್ಟರ್ ನಿವೃತ್ತರಾಗುವ ದಿನ ಸಾಹೇಬರೇ ಆಸ್ಪತ್ರೆಗೆ ಬಂದರು, ಶಾಲಿಲ್ಲದೆ. ಆಕೆಗೇ ನಲ್ಲಿ ತಿರುಗಿಸಲು ಹೇಳಿದರು. ನೀರು ಎಂಥ ರಭಸದಿಂದ ಬಂತೆಂದರೆ ಮಂತ್ರಿಗಳ ಪಂಚೆ ಮಂಡಿಯವರೆಗೆ ತೊಯ್ದುಹೋಯಿತು. ಆಯಾಗಳು ಚಪ್ಪಾಳೆ ತಟ್ಟಿದರು. ಸಿಸ್ಟರ್ ನೀರಿಗೆ ಕೈಯೊಡ್ಡಿ ನಿಂತುಬಿಟ್ಟರು. ಅವರ ಕಣ್ಣೂ ಒದ್ದೆಯಾಗಿತ್ತು, ನನ್ನದೂ.

ಸಾಹೇಬರು ಪಂಚೆ ಹಿಂಡಿಕೊಳ್ಳುತ್ತಾ ನಗುನಗುತ್ತಾ ಕೇಳಿದರು. "ಏನ್ ತಾಯಿ, ಈಗಲಾದ್ರೂ ತೃಪ್ತಿ ಆಯ್ತಾ?"

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ನಿಲ್ಲಿಸಿದರು.

"ಈಗಲೇ ಹೇಗೆ ಹೇಳ್ಲಿ ಸಾರ್? ಮೊದಲು ಅಧಿವೇಶನ ಮುಗೀಲಿ."