ಡಾಕ್ಟರ ಬೋಳುತಲಿಗೆ ಬಿದ್ದ ಗುರುತು

ದವಾಖಾನಿ ಅಂದರ ಬರೇ ಅಳು ಅಂತ ತಿಳಿದವರು ನನ್ನ ಜೋಡಿ ನಾಕು ದಿನ ಡ್ಯೂಟಿ ಮಾಡಬೇಕಿತ್ತು. ಐವತ್ತರ ದಶಕದಾಗ ನಾನು ಸೊಲ್ಲಾಪುರದಾಗ ನರ್ಸ್ ಇದ್ದೆ. ನಮ್ಮ ಕಣ್ಣಿನ ಡಾಕ್ಟರಿಗೆ ಕನ್ನಡ ಬರತಿರಲಿಲ್ಲ, ಹಳ್ಳಿಯವರಿಗೆ ಮರಾಠಿ ಅರ್ಧಮರ್ಧ, ನಡುವ ನಾನು. ನಗಬಾರದ ಹೊತ್ತಿಗೇ ನಗು ಬರೋದು ನಮ್ಮ ವಾರ್ಡಿನ ರೂಢಿ. ಒಂದು ಹುಡುಗಿದಂತೂ ಈಗ ನೆನಸಿದರೂ ಹೊಟ್ಟಿ ಹಿಡಕೊಂಡು ನಗತೀನಿ.

ವಲ್ಲಿಯೊಳಗಿನ ಮಾತು

ಕರಜಗಿ ಕಡೆ ಕುರಿ ಕಾಯೋ ಮುತ್ಯಾ ಒಬ್ಬ, ಆರು ವರ್ಷದ ಮೊಮ್ಮಗಳನ್ನ ಕರಕೊಂಡು ಅಕ್ಕಲಕೋಟದಿಂದ ಎಸ್ಟಿ ಬಸ್ಸು ಹತ್ತಿ ಬಂದಿದ್ದ. ಹುಡುಗಿ ಬಲಗಣ್ಣಾಗ ಬೆಕ್ಕಿನ ಕಣ್ಣಿನಂಥ ಬಿಳಿ ಹೊಳಪು. ಡಾಕ್ಟರು ನೋಡಿ ನನ್ನ ಬಾಯಿಂದ ಹೇಳಿಸಿದರು: "ಮಕ್ಕಳಿಗೆ ಅಪರೂಪಕ್ಕ ಬರೋ ಕ್ಯಾನ್ಸರ್. ಈ ಕಣ್ಣು ತೆಗೀಲಿಲ್ಲಂದ್ರ ಜೀವ ಉಳಿಯಂಗಿಲ್ಲ. ಎಡಗಣ್ಣಿಗೂ ಬರತೈತೇನು ಅಂತ ಮುಂದ ನೋಡತಿರಬೇಕು."

ಕುರಿ ಸಂತ್ಯಾಗ ಮಂದಿಗೆ ಕೇಳಬಾರದಂತ ವಲ್ಲಿ, ಅಂದರ ಹೆಗಲ ವಸ್ತ್ರದ, ಮರೀಗೆ ಬೆರಳು ಹಿಡದು ರೇಟು ಹೇಳತಾರಲ್ಲ, ಹಂಗ ಮುತ್ಯಾ ಡಾಕ್ಟರ ಕೈಯನ್ನ ತನ್ನ ಹೆಗಲ ಮ್ಯಾಲಿನ ವಲ್ಲಿಯೊಳಗ ಎಳಕೊಂಡ. ಕಡೀಕ ಎಷ್ಟು ಕಣ್ಣು ಉಳೀತಾವ ಅನ್ನೋದು ಅವನ ಪ್ರಶ್ನೆ, ಉತ್ತರ ಕೂಸಿಗೆ ಕೇಳಬಾರದು. ಡಾಕ್ಟರಿಗೆ ಏನು ಗೊತ್ತು! ಮುದುಕ ಅಂಜ್ಯಾನ ಅಂತ ಇಡೀ ಕೈ ಗಟ್ಟಿ ಹಿಡದು "ಘಾಬರೂ ನಕಾ" ಅಂತ ಮರಾಠ್ಯಾಗ ಧೈರ್ಯ ಹೇಳಿದರು.

ಮುತ್ಯಾ ಹೊರಗ ಬಂದವನ ನನ್ನ ಕೇಳಿದ: "ಬಾಯಾರ, ಕೂಸಿಗೆ ಇದ್ದದ್ದ ಎರಡು ಕಣ್ಣು. ಸಾಹೇಬ್ರು ಐದು ಹಿಡದಾರಲ್ರಿ!"

ಗುರುತು

ಆಪರೇಶನ್ ದಿನ ಕಣ್ಣು ತಪ್ಪಬಾರದಂತ ಡಾಕ್ಟರು ಹುಡುಗಿ ಬಲಹುಬ್ಬಿನ ಮ್ಯಾಲೆ ನೇರಳೆ ಔಷಧದಲೆ ಗುರುತು ಹಾಕಿದರು.

"ಯಾಕ?" ಅಂದಳು.

"ಬದಲಾಗಬಾರದಂತ," ಅಂದೆ.

"ಹೌದು, ನಮ್ಮ ಕುರಿಗೂ ಹಾಕತೀವಿ, ಬ್ಯಾರೆಯವರ ಹಿಂಡಿನಾಗ ಸೇರಬಾರದಂತ," ಅಂದಾಕಿ ಔಷಧದ ಬಟ್ಟಲಾಗ ಬೆರಳು ಅದ್ದಿ, ಬಗ್ಗಿ ನಿಂತಿದ್ದ ಡಾಕ್ಟರ ಬೋಳುತಲಿ ಮ್ಯಾಲೆ ಉದ್ದಕ ಗೀರು ಎಳದಳು. "ಇವರೂ ಬದಲಾಗಬಾರದಲ್ಲ!"

ಅಯ್ಯಯ್ಯ, ಡಾಕ್ಟರು ಮೊದಲ ಸಿಟ್ಟಿನ ಮನಷಾ. ಆದರ ಅವರು ನಕ್ಕುಬಿಟ್ಟರು. ಹುಡುಗಿ ನನ್ನ ಕೈ ಬಿಡಿಸಿಕೊಂಡು, ತಾನ ನಡಕೊಂತ ಆಪರೇಶನ್ ಖೋಲಿಗೆ ಹೋದಳು. ಹಿಂದ ಓಡಿದಾಕಿ ನಾನು. ಆ ಬಣ್ಣ ಮಾತ್ರ ಯಾವ ಸಾಬಾಣಕ್ಕೂ ಜಗ್ಗಲಿಲ್ಲ. ಮರುದಿನ ಪೇಠದ ಸಾವಕಾರರೊಬ್ಬರ ಮನಿ ಲಗ್ನದಾಗ ಡಾಕ್ಟರು ಊಟಕ್ಕ ಕುಂತರೂ ಟೊಪಗಿ ತೆಗೀಲಿಲ್ಲಂತ.

ಟಗರಿನ ಕಣ್ಣು

ಗಾಯ ಮಾಯ್ದ ಮ್ಯಾಲೆ ಮುಂಬೈಯಿಂದ ಒಂದು ಡಬ್ಬಿ ಗಾಜಿನ ಕಣ್ಣು ಬಂದವು. ಕರೀದು ತೋರಿಸಿದರ ಹುಡುಗಿ ಒಲ್ಲೆ ಅಂದಳು. ಯಾವ ಪರದೇಶಿ ಸಾಹೇಬನ ಸಲುವಾಗಿ ಮಾಡಿದ್ದೋ, ತಿಳಿ ಹಳದಿ ಕಣ್ಣೊಂದನ್ನ ಹಿಡಕೊಂಡು ಕುಂತಳು.

"ನಮ್ಮ ಟಗರಿನ ಕಣ್ಣು ಹಿಂಗ ಐತಿ. ಅದಕ್ಕ ತೋಳಾನೂ ಅಂಜತೈತಿ."

ಮುತ್ಯಾ ಕೈಮುಗದ. "ಬ್ಯಾಡವ್ವಾ, ನಾಳೆ ನಿನ್ನ ನೋಡಾಕ ಬಂದ ವರ ಏನು ಮಾಡ್ಯಾನು?"

"ಅಂಜತಾನ," ಅಂದಳು ಖುಷಿಲೆ. ಕಡೀಕ ಕರೀದ ಹಾಕಿದಿವಿ ಅನ್ರಿ.

ಕಡೀ ತಪಾಸಣಿ

ಆಮ್ಯಾಲೆ ಎಡಗಣ್ಣು ತೋರಸಾಕ ಇಬ್ಬರೂ ವರ್ಷಾ ಬರತಿದ್ದರು. ಡಾಕ್ಟರು ಬೆಳಕು ಬಿಟ್ಟು ನೋಡೋ ಮುಂದ ಮುತ್ಯಾ ವಲ್ಲಿ ತುದಿ ತಿರುವಿಕೊಂತ ನಿಂದರತಿದ್ದ. ಕಡೀ ಸಲ ಡಾಕ್ಟರು ಭಾಳ ಹೊತ್ತು ನೋಡಿದರು. ಮುತ್ಯಾನ ವಲ್ಲಿ ಎಳದು ಒಳಗ ಕೈ ಹಾಕಿದರು. ಸಂತಿ ರೂಢಿ ಅಷ್ಟೊತ್ತಿಗೆ ನಾನು ಅವರಿಗೆ ತಿಳಿಸಿಕೊಟ್ಟಿದ್ದೆ.

ಮುತ್ಯಾನ ಕಣ್ಣಾಗ ನೀರು ಬಂತು. "ಒಂದು ಹಿಡದಾರ, ಬಾಯಾರ! ಒಂದು!"

ಎಡಗಣ್ಣು ಉಳೀತು, ಜೀವಾನೂ ಉಳೀತು. ನಾನೂ ಅತ್ತೆ, ಸುಳ್ಳು ಯಾಕ ಹೇಳಲಿ.

ಹುಡುಗಿ ಡಾಕ್ಟರಿಗೆ ಬಗ್ಗಂತ ಸನ್ನಿ ಮಾಡಿದಳು. ಅವರ ತಲಿ ಮ್ಯಾಲೆ ಎಂದೋ ಅಳಿಸಿ ಹೋಗಿದ್ದ ಗುರುತನ್ನ ಲಂಗದ ತುದಿಲೆ ತಿಕ್ಕಿ ತಿಕ್ಕಿ ಒರಸಿದಳು. "ಗುರುತು ಅಳಸೀನ್ರಿ. ಇನ್ನ ನೀವು ಬ್ಯಾರೆ ಹುಡುಗರ ಹಿಂಡಿಗೆ ಹೋಗ್ರಿ."

ನಾನು ಅದನ್ನ ಮರಾಠ್ಯಾಗ ಹೇಳಿದರೂ ಡಾಕ್ಟರು ಬಗ್ಗಿಸಿದ ತಲಿ ಎತ್ತಲಿಲ್ಲ. ಮುತ್ಯಾ ಕಣ್ಣೊರಸಿಕೊಂಡು ಮೊಮ್ಮಗಳಿಗೆ ಬೈದ: "ಉಣ್ಣಿ ಕತ್ತರಿಸಿಕೊಳ್ಳದ ಯಾರರ ಕುರಿ ಬಿಡತಾರೇನು?"

ಆಮ್ಯಾಲೆ ಡಾಕ್ಟರ ತಲಿ ಕಡೆ ನೋಡಿ ಅಂದ: "ಹೋಗಲಿ ಬಿಡವ್ವಾ. ನಮಗಿಂತ ಮೊದಲ ಯಾರೋ ಕತ್ತರಿಸಿಕೊಂಡು ಹೋಗ್ಯಾರ."