ಹವಾ ಬದಲಾಗೇತ್ರಿ

ನನ್ನ ಒಂದು ಚಟವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವರಿಗೆ ಎಲೆ-ಅಡಿಕೆ, ಕೆಲವರಿಗೆ ಟೀವಿ ಧಾರಾವಾಹಿ. ನನಗೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುವುದು. ಹಾಲು ಬರದ ದಿನ, ಸಿಲಿಂಡರ್ ಹಚ್ಚಿದ ದಿನ ಎಲ್ಲರೂ ಬರೆಯುತ್ತಾರೆ. ನಾನು ಮುಗಿಲಿನ ಸಮಾಚಾರವನ್ನೂ ಬರೆಯುತ್ತೇನೆ. ‘ಶಾವಿಗೆ ಒಂದೇ ದಿನಕ್ಕೆ ಒಣಗಿತು.’ ‘ಶಾವಿಗೆ ಒಣಗಲಿಲ್ಲ, ಮಳೆ.’ ಓಟಕ್ಕೆ ಹೆಸರಾದ ತಮ್ಮ ಮನೆಯ ಬೇಟೆನಾಯಿ ಈಗೀಗ ಹೊತ್ತು ಇಳಿಯುವ ತನಕ ನೀರಿನ ಕೊಡದ ಬುಡ ಬಿಟ್ಟು ಏಳುವುದಿಲ್ಲ ಎಂದು ಮುಧೋಳದ ತಂಗಿ ಫೋನಿನಲ್ಲಿ ಹೇಳಿದಳು, ಅದನ್ನೂ ಬರೆದೆ. ಹದಿನೈದು-ಇಪ್ಪತ್ತು ವರ್ಷದ ಕ್ಯಾಲೆಂಡರುಗಳು ಸುರುಳಿಯಾಗಿ ಟ್ರಂಕಿನಲ್ಲಿವೆ. ನಮ್ಮ ಮನೆಯವರಿಗೆ ಇದು ದೊಡ್ಡ ತಮಾಷೆ. ಪವರ್‌ಲೂಮಿನ ಸದ್ದಿನಲ್ಲಿ ತಮ್ಮ ನಗು ನನಗೆ ಕೇಳಲಿಕ್ಕಿಲ್ಲವೆಂದು, ಮಗ್ಗ ನಿಲ್ಲಿಸಿ ಬಂದು ನಗುತ್ತಾರೆ. ರದ್ದಿಯವನು ಬಂದ ದಿನ ಟ್ರಂಕು ಖಾಲಿಯಾಗಬೇಕೆಂದು ಅಪ್ಪಣೆಯೂ ಆಗಿತ್ತು.

ಅಷ್ಟರಲ್ಲಿ ಲೋಕಸಭೆ ಚುನಾವಣೆ ಬಂತು. ಚುನಾವಣೆ ಬಂದರೆ ನಮ್ಮ ರಬಕವಿಯಲ್ಲಿ ‘ಹವಾ’ ಎಂಬ ಮಾತಿಗೆ ಬೇರೆ ಅರ್ಥ: ಜನ ಯಾರ ಕಡೆ ವಾಲಿದ್ದಾರೆ ಎಂದು. ನನಗೆ ಅದರ ನೆನಪೇ ಇರಲಿಲ್ಲ. ಕೊರಳಿಗೆ ಶಾಲು ಸುತ್ತಿಕೊಂಡು ಪ್ರಚಾರಕ್ಕೆ ಬಂದ ಇಬ್ಬರು, “ಹವಾ ಹ್ಯಾಂಗ ಐತ್ರೀ ಅಕ್ಕಾರ, ಓಣ್ಯಾಗ?” ಅಂದರು. ನಾನು ಮಾಳಿಗೆಯ ಮೇಲಿನ ಶಾವಿಗೆಯ ಚಿಂತೆಯಲ್ಲಿದ್ದೆ.

“ಪೂರಾ ಬದಲಾಗೇತ್ರಿ,” ಅಂದೆ. “ಈ ವರ್ಷಂತೂ ಭಾಳ ಕೆಟ್ಟೈತಿ. ದಿನಾದಿನದ್ದು ಬರದಿಟ್ಟೇನಿ.”

ಅವರ ಮುಖ ಬಿಳಿಚಿತು. ಚಹಾ ಅರ್ಧಕ್ಕೆ ಬಿಟ್ಟು ಹೋದವರು ಸಂಜೆಗೆ ಅಭ್ಯರ್ಥಿಯನ್ನೇ ಕರೆತಂದರು. ಅಭ್ಯರ್ಥಿ ಕ್ಯಾಲೆಂಡರ್ ಇಳಿಸಿಕೊಂಡು ಬೆರಳಿಟ್ಟು ಓದಿದರು. ‘ಶಾವಿಗೆ ಒಣಗಲಿಲ್ಲ’ ಎಂಬಲ್ಲಿ ಶಾವಿಗೆ ಎಂದರೆ ಯಾವ ಓಣಿಯವರ ಗುಟ್ಟಿನ ಹೆಸರು ಎಂದು ಮೆಲ್ಲಗೆ ಕೇಳಿದರು. ಶಾವಿಗೆ ಅಂದರೆ ಶಾವಿಗೆಯೇ ಎಂದು ತಿಳಿಸಿ, ಟ್ರಂಕು ಎಳೆದು, ಹಳೆಯ ಬೇಸಿಗೆಯನ್ನೂ ಈಗಿನದನ್ನೂ ಅವರೆದುರು ಹಾಸಿದೆ. ಶಾಲಿನವರು ನಿರಾಳವಾಗಿ ನಕ್ಕು, ಮಳೆ-ಬಿಸಿಲಿಗೆ ಯಾರೂ ವೋಟು ಹಾಕುವುದಿಲ್ಲ, ಏಳೋಣ ಎಂದರು. ಆಗ ನಮ್ಮ ಮನೆಯವರು ಮಗ್ಗ ನಿಲ್ಲಿಸಿ ಬಂದರು. ನಗಲು ಬಂದರೆಂದುಕೊಂಡೆ.

“ಆಕಿ ಬರದದ್ದು ಖರೆ ಐತ್ರಿ, ಸಾಹೇಬ್ರ,” ಅಂದರು. “ಬಿಸಲು ಏರಿತಂದ್ರ ಮಗ್ಗದಾಗ ನೂಲಿನ ಎಳಿ ಪಟಪಟ ಹರೀತೈತಿ. ಸೀರಿ ಒಂದು ದಿನಾ ತಡಾ ಆಗತೈತಿ. ಅದನ್ನೂ ಬರದಾಳ ನೋಡ್ರಿ.”

ಇಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಮೊದಲ ಸಲ ಹೊಗಳಿದ್ದು ಅಭ್ಯರ್ಥಿಯೊಬ್ಬರ ಸಮಕ್ಷಮದಲ್ಲಿ. ಸಾಕ್ಷಿ ಇದ್ದದ್ದು ಒಳ್ಳೆಯದೇ ಆಯಿತು.

ಅಭ್ಯರ್ಥಿ ಎದ್ದು ಕೈಮುಗಿದು, ಗೆದ್ದರೆ ದಿಲ್ಲಿಯಲ್ಲಿ ಮೊದಲು ಎತ್ತುವ ಪ್ರಶ್ನೆ ಇದೇ ಎಂದರು.

“ದಿಲ್ಲಿ ದೂರ ಐತ್ರಿ,” ಅಂದೆ. “ನಾಳೆ ಬನಹಟ್ಟಿ ಸಭಾದಾಗ ಮಾತಾಡಿ ತೋರಸ್ರಿ.”

ಮಾತಾಡದಿದ್ದರೆ ಟ್ರಂಕು ರದ್ದಿಗೆ ಎಂದು ನನಗೆ ನಾನೇ ಪಂಥ ಕಟ್ಟಿಕೊಂಡೆ. ಮರುದಿನ ಮಾಳಿಗೆಯ ಮೇಲೆ ಸಂಡಿಗೆ ಹಾಕಿ, ಬನಹಟ್ಟಿಗೆ ಹೋಗಿ ಹೆಂಗಸರ ಮೊದಲ ಸಾಲಿನಲ್ಲಿ ಕೂತೆ. ಅಭ್ಯರ್ಥಿ ಮೈಕು ಹಿಡಿದು, “ಈ ಸಲ ಹವಾ ಬದಲಾಗೇತಿ” ಎಂದದ್ದೇ ತಡ, ಶಿಳ್ಳೆಯೋ ಶಿಳ್ಳೆ. ಅದು ಅಡಗಲೆಂದು ಅವರು ಕೈ ಎತ್ತಿದರು.

“ಆ ಹವಾ ಅಲ್ಲರೀ,” ಅಂದರು. “ಮಾಳಿಗಿ ಮ್ಯಾಲೆ ಶಾವಿಗಿ ಒಣಗವಲ್ದು, ಮಗ್ಗದಾಗ ಎಳಿ ನಿಲ್ಲವಲ್ದು. ರಬಕವಿಯ ಅಕ್ಕಾರೊಬ್ಬರು ವರ್ಷಾನುಗಟ್ಟಲೆ ಬರದಿಟ್ಟಾರ. ದೇಶ ಆಳಾವ್ರು ಮೊದಲ ಓದಬೇಕಾದ್ದು ಅದು.”

ರಸ್ತೆ, ಕಬ್ಬಿನ ದರ, ನೀರು ಎಲ್ಲವೂ ಅದರ ಹಿಂದೆ ಬಂದವು. ನನ್ನ ಶಾವಿಗೆ ಮುಂದೆ, ಕಬ್ಬು ಹಿಂದೆ. ಮುಧೋಳ, ಜಮಖಂಡಿಯ ಕಬ್ಬಿನ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಪಕ್ಕದಲ್ಲಿ ಕೂತ ಬೀಳಗಿಯ ಹೆಂಗಸಿಗೆ ಆ ಅಕ್ಕ ನಾನೇ ಎಂದು ಎರಡು ಸಲ ಹೇಳಿದೆ. ಯಾರೆಂದು ಆಕೆ ಕೇಳಿರಲೇ ಇಲ್ಲ. ಎದೆ ಎಷ್ಟು ಉಬ್ಬಿತ್ತೆಂದರೆ, ತಲೆಯ ಮೇಲೆ ಮೋಡ ಕವಿದದ್ದು ಕಾಣಲೇ ಇಲ್ಲ.

ಮನೆ ಮುಟ್ಟುವಷ್ಟರಲ್ಲಿ ಮಳೆ ಬಂದು ಹೋಗಿತ್ತು. ಮಗ್ಗದ ಸದ್ದಿನಲ್ಲಿ ಮನೆಯವರಿಗೆ ಕೇಳಿಸಿರಲಿಲ್ಲ. ಸಂಡಿಗೆಯೆಲ್ಲ ಮತ್ತೆ ಹಿಟ್ಟಾಗಿತ್ತು. ಅವರು ಮಗ್ಗ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತು, “ಹವಾ ಹ್ಯಾಂಗ ಐತ್ರೀ, ಅಕ್ಕಾರ?” ಅಂದರು.

ನೆಟ್ಟಗೆ ಕ್ಯಾಲೆಂಡರಿಗೆ ಹೋದೆ. ‘ಸಂಡಿಗೆ ಹಾಳು. ಕಾರಣ: ಹವಾ’ ಎಂದು ಬರೆದು ಪೆನ್ನು ತಡೆಹಿಡಿದೆ. ನಾಳೆ ದಿಲ್ಲಿಯವರು ಓದುವ ದಾಖಲೆ, ಸುಳ್ಳಿರಬಾರದು. ‘ಹವಾ’ ಹೊಡೆದುಹಾಕಿ, ಚಾಳೀಸು ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಬರೆದೆ: ‘ನಾನು.’